ಗಂಟಲು ಬಿಗಿದಂಗಾಗ್ತೈತೆ ಅಂದಾಗ

ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನೈಟ್ ಡ್ಯೂಟಿ. ತಿಪಟೂರು ಕಡೆಯ ಹಮಾಲಿ ಯಜಮಾನರು ಸಂಜೆ ಓಟಿಯಿಂದ (ಆಪರೇಷನ್ ಥಿಯೇಟರಿನಿಂದ) ಬಂದಿದ್ದರು. ಕತ್ತಿನ ಮುಂದಿನಿಂದ ಹೋಗಿ, ಕತ್ತಿನ ಐದು-ಆರನೇ ಮೂಳೆಗಳ (ಸಿ5-ಸಿ6) ನಡುವಿನ ಮೆತ್ತೆಯಂಥ ಡಿಸ್ಕ್ ತೆಗೆದು, ಆ ಜಾಗಕ್ಕೆ ಕೇಜ್ ಅನ್ನೋ ಆಸರೆ ಕೂರಿಸಿದ ಕೇಸು. ಗಾಯ ಎರಡು ಬೆರಳಗಲ. "ಇಷ್ಟೇನಾ ಸಿಸ್ಟರ್" ಅಂತ ಮಗ ನಕ್ಕಿದ್ದ. ನನಗೂ ಹಾಗೇ ಅನ್ನಿಸಿತ್ತು. ಹಿಂದಿನ ಶಿಫ್ಟಿನವರು ಕೇಸು ಒಪ್ಪಿಸುವ ಹ್ಯಾಂಡೋವರ್ ಅರ್ಧ ನಿಮಿಷಕ್ಕೆ ಮುಗಿಯಿತು.

ಹನ್ನೊಂದೂವರೆಗೆ, "ತಾಯೀ, ಯಾಕೋ ಗಂಟ್ಲು ಬಿಗಿದಂಗಾಗ್ತೈತೆ" ಅಂದರು. ಆಪರೇಷನ್ನಿಗೆ ಗಂಟಲಲ್ಲಿ ಉಸಿರಾಟದ ಟ್ಯೂಬ್ ಹಾಕಿದ್ದಕ್ಕೆ ಹಾಗಾಗುತ್ತೆ ಅಂದೆ. ಸುಳ್ಳಲ್ಲ. ಈ ಆಪರೇಷನ್ ಆದ ಬಹಳ ಮಂದಿಗೆ ನುಂಗೋದು ಕಷ್ಟವಾಗುತ್ತೆ, ದನಿ ಒಡೆಯುತ್ತೆ, ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ರಕ್ತದಲ್ಲಿನ ಆಕ್ಸಿಜನ್ ತೋರಿಸೋ ಸ್ಯಾಚುರೇಷನ್ 98. ಗಾಯದೊಳಗಿನ ರಕ್ತ ಹೊರಗೆಳೆಯೋ ಪೈಪು, ಡ್ರೈನ್, ಹೆಚ್ಚುಕಮ್ಮಿ ಖಾಲಿ. ರಕ್ತ ಬರ್ತಿಲ್ಲ ಅಂತ ಖುಷಿಪಟ್ಟೆ. ಪೈಪೇ ಕಟ್ಟಿಕೊಂಡಿರಬಹುದು ಅನ್ನೋದು ಹೊಳೆಯಲಿಲ್ಲ.

ಹನ್ನೆರಡಕ್ಕೆ ನೋಡಿದರೆ ಎದ್ದು ಕೂತಿದ್ದಾರೆ. ಮಲಗಿ ಅಂದರೆ ನನ್ನ ಕೈ ತಳ್ಳಿದರು. ಎಂಜಲು ನುಂಗಲಾಗದೆ ಟವೆಲ್ಲಿಗೆ ಉಗುಳುತ್ತಿದ್ದರು. ಉಸಿರೆಳೆದರೆ ಸಣ್ಣ ಸೀಟಿಯ ಸದ್ದು. ಡ್ರೆಸಿಂಗ್ ಪಕ್ಕ ಬೆರಳಿಟ್ಟೆ, ಕತ್ತು ಕಲ್ಲಾಗಿತ್ತು. ಮಾನಿಟರ್ ಮಾತ್ರ ಇನ್ನೂ 97 ಅಂತಿತ್ತು. ಒಳಗೆ ಹೆಪ್ಪುಗಟ್ಟಿದ ರಕ್ತ ಒತ್ತಿ ಉಸಿರಿನ ದಾರಿ ಊದಿಕೊಂಡಾಗ ಆ ನಂಬರ್ ಇಳಿಯೋದು ಕೊನೆಗೆ.

ಡ್ಯೂಟಿ ಡಾಕ್ಟರ್ ಓಡಿ ಬಂದು ಸರ್ಜನ್‌ಗೆ ಫೋನ್ ಹಚ್ಚಿದರು. ಅವರು ಬೆಂಗಳೂರಿನ ದಾರಿಯಲ್ಲಿ ದಾಬಸ್‌ಪೇಟೆ ದಾಟಿದ್ದರು. "ನನಗೆ ಕಾಯಬೇಡಿ, ಬೆಡ್ ಮೇಲೇ ಹೊಲಿಗೆ ಬಿಚ್ಚಿ." ಕತ್ತರಿ ಟ್ರೇ ಎಲ್ಲಿ? ಬೀರುವಿನಲ್ಲಿ. ಬೀಗದ ಕೈ? ಕ್ಯಾತ್ಸಂದ್ರದಲ್ಲಿ, ಇನ್‌ಚಾರ್ಜ್ ಮನೆಯಲ್ಲಿ. ಕತ್ತರಿ ಕಳುವಾಗ್ತಿವೆ ಅಂತ ಮ್ಯಾನೇಜ್‌ಮೆಂಟ್ ಹೊರಡಿಸಿದ ಸರ್ಕ್ಯುಲರ್ ಪ್ರಸಾದ ಅದು. ಲೇಬರ್ ವಾರ್ಡಿಗೆ ಓಡಿ ಹೋಗಿ ಒಂದು ಕಿತ್ತುಕೊಂಡು ಬಂದೆ. ಅಷ್ಟರಲ್ಲಿ ಸ್ಯಾಚುರೇಷನ್ 84, ತುಟಿ ನೀಲಿ.

ಹೊಲಿಗೆ ಬಿಟ್ಟದ್ದೇ ತಡ, ಲಿವರ್ ತುಂಡಿನಂಥ ಹೆಪ್ಪು ಗಾಜ್ ಮೇಲೆ ಬಿತ್ತು. ಯಜಮಾನರು ಉಸಿರೆಳೆದರು. ಅನಸ್ತೇಶಿಯಾದವರು ಸಣ್ಣ ಟ್ಯೂಬ್ ಹಾಕಿ ಓಟಿಗೆ ಸಾಗಿಸಿದರು.

ಓಟಿ ಬಾಗಿಲಲ್ಲಿ ಮಗ ಹೇಳಿದ: "ಹಾರ್ಟಿನ ಮಾತ್ರೆ, ರಕ್ತ ತೆಳ್ಳಗಾಗೋದು, ಮೊನ್ನೆವರೆಗೂ ನುಂಗ್ತಿದ್ರು. ಯಾರೂ ಕೇಳ್ಲಿಲ್ಲ." ಕೇಸ್‌ಶೀಟ್ ತೆಗೆದೆ. ಬಿಪಿ, ಶುಗರ್, ಬೀಡಿ ಎಲ್ಲಕ್ಕೂ ಟಿಕ್. ಮಾತ್ರೆಗಳ ಕಾಲಂ ಖಾಲಿ. ಅಡ್ಮಿಷನ್ ಮಾಡಿಕೊಂಡ ಸಹಿ ನನ್ನದು.

ಯಜಮಾನರು ನಡೆದೇ ಮನೆಗೆ ಹೋದರು. ಈಗ ಕತ್ತಿನ ಕೇಸ್ ಬಂದರೆ ಬೆಡ್ ತಲೆಗೆ ಕತ್ತರಿ ಇರೋ ಕವರ್ ಅಂಟಿಸುತ್ತೇನೆ. ಸೋಮವಾರ ಸ್ಟಾಕ್ ಚೆಕ್ಕಿಗೆ ಬಂದವರು ಕಿತ್ತುಕೊಂಡು ಹೋಗುತ್ತಾರೆ. ಮತ್ತೆ ಅಂಟಿಸುತ್ತೇನೆ.