ಅದಕ್ಕೆ ನಿನ್ನ ಗುರ್ತ ಸಿಗ್ತದಾ?

ಭಾನುವಾರ ಅಮ್ಮ ಕೇಳಿದ ಒಂದು ಪ್ರಶ್ನೆ, ಅದಕ್ಕೆ ಪ್ರಣವ್ ಕೊಟ್ಟ ಉತ್ತರ, ಎರಡೂ ಇನ್ನೂ ತಲೆಯಲ್ಲಿ ಸುತ್ತುತ್ತಿವೆ.

ಪ್ರಣವ್ ನನ್ನ ಅಣ್ಣನ ಮಗ. ಜರ್ಮನಿಯಲ್ಲಿ ಕೆಲಸ. ತೀರ್ಥಹಳ್ಳಿ ಮನೆಗೆ ವಿಡಿಯೋ ಕಾಲ್ ಮಾಡಿದವನು ಮಾತಿನ ನಡುವೆ ಫೋನನ್ನು ಒಂದು ಗಾಜಿನ ಪೆಟ್ಟಿಗೆಯತ್ತ ತಿರುಗಿಸಿದ. ಒಳಗೆ ಅಂಗೈಯಗಲದ ಜೇಡ. ಮೈತುಂಬಾ ರೋಮ, ಅದರಲ್ಲಿ ನಸುಗೆಂಪು ಹೊಳಪು. ಚಿಲಿ ದೇಶದ ಟರಾಂಟುಲಾ, ಚಿಲಿಯನ್ ರೋಸ್ ಅಂತಾರಂತೆ.

"ಥೂ, ತೆಗಿ ಮಾರಾಯ ಅದನ್ನ" ಎಂದು ಚಿಕ್ಕಪ್ಪ ಎದ್ದು ಹೋದರು. ಅವರು ಹೊಸದು ಏನು ಕಂಡರೂ ಹೀಗೇ. ಅಣ್ಣನಿಗೆ ಬೇರೆ ಚಿಂತೆ. ಹುಡುಗನಿಗೆ ಹೆಣ್ಣು ನೋಡುತ್ತಿರುವಾಗ ಈ ಸುದ್ದಿ ಹೊರಗೆ ಹೋದರೆ? ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ತಂದುಕೊಂಡರು.

"ಅದಕ್ಕೆ ನಿನ್ನ ಗುರ್ತ ಸಿಗ್ತದಾ?"

"ಇಲ್ಲ ಅಜ್ಜಿ. ಸಿಗಲ್ಲ."

"ಮತ್ತೆ ಎಂತಕ್ಕೆ ಸಾಕಿದ್ದು?"

"ನೋಡೋಕೆ ಅಜ್ಜಿ."

ಅಷ್ಟೇ. ಅವನು ಸಮಜಾಯಿಷಿ ಕೊಡಲಿಲ್ಲ, ಅಮ್ಮನೂ ಮುಂದೆ ಕೇಳಲಿಲ್ಲ. "ಹೊತ್ತಿಗೆ ಸರಿಯಾಗಿ ಊಟ ಹಾಕು" ಅಂದರು.

ಅಣ್ಣನ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ಅವನು ಬರುವವರೆಗೆ ಅದು ಅನ್ನ ಮುಟ್ಟುವುದಿಲ್ಲ ಅಂತ ಬಂದವರಿಗೆಲ್ಲ ಹೇಳುತ್ತಾನೆ. ಪ್ರೀತಿ ನಿಜವೇ, ಅನುಮಾನವಿಲ್ಲ. ಆದರೆ ಆ ಕಥೆಯಲ್ಲಿ ನಾಯಿಗಿಂತ ಅಣ್ಣನೇ ಜಾಸ್ತಿ ಇರುತ್ತಾನೆ. ಪ್ರಣವ್ ಮಾತಿನಲ್ಲಿ ಪ್ರಣವ್ ಇರಲೇ ಇಲ್ಲ. ಜೇಡ ಮಾತ್ರ ಇತ್ತು.

ರಾತ್ರಿ ನಾನೇ ಅವನಿಗೆ ಫೋನ್ ಮಾಡಿದೆ. ಬೇಕಾದಷ್ಟು ಹೇಳಿದ. ಎಂಟು ಕಣ್ಣಿದ್ದರೂ ಅದಕ್ಕೆ ಕಾಣುವುದು ಕಡಿಮೆ, ಕಾಲಿನ ರೋಮಗಳಿಗೆ ತಾಗುವ ಕಂಪನದಿಂದಲೇ ಲೋಕ ತಿಳಿಯುತ್ತದೆ. ವಾರಕ್ಕೊಂದೆರಡು ಹುಳ ಕೊಟ್ಟರೆ ಸಾಕು, ಕೆಲವು ಸಲ ತಿಂಗಳುಗಟ್ಟಲೆ ಉಪವಾಸ ಇರುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಹೋದರೂ ಕೊರಗುವುದಿಲ್ಲ. ಸಣ್ಣ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುವವನಿಗೆ ಇದೆಲ್ಲ ಅನುಕೂಲ, ಒಪ್ಪೋಣ. ಆದರೆ ಅವನ ದನಿ ಏರಿದ್ದು ಪೊರೆ ಬಿಡುವ ವಿಷಯ ಬಂದಾಗ. ಜೇಡ ಅಂಗಾತ ಮಲಗಿಬಿಡುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಗಂಟೆಗಟ್ಟಲೆ ಹಾಗೇ ಇದ್ದು, ಹಳೆ ಮೈಯಿಂದ ಒಂದೊಂದೇ ಕಾಲು ಎಳೆದುಕೊಂಡು ಈಚೆ ಬರುತ್ತದೆ. ಮುರಿದ ಕಾಲಿದ್ದರೆ ಅದೂ ಹೊಸದಾಗಿ ಬೆಳೆದಿರುತ್ತದೆ! ಹೊಸ ಮೈ ಗಟ್ಟಿಯಾಗುವವರೆಗೆ ಮುಟ್ಟಬಾರದು, ಹುಳವನ್ನೂ ಹಾಕಬಾರದು, ಏಕೆಂದರೆ ಆಗ ಆ ಹುಳವೇ ಇದನ್ನು ಕಚ್ಚಬಹುದು. "ಆವತ್ತು ರಾತ್ರಿ ನಿದ್ದೆನೇ ಮಾಡಲಿಲ್ಲ ಅತ್ತೆ" ಅಂದ.

ಕೈ ಮೇಲೆ ಬಿಟ್ಟುಕೊಳ್ಳುತ್ತೀಯಾ ಅಂತ ಕೇಳಿದೆ. ಇಲ್ಲವಂತೆ. ಕೈಯಿಂದ ಜಾರಿ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಹೆದರಿದರೆ ಹೊಟ್ಟೆಯ ಮೇಲಿನ ರೋಮ ಉದುರಿಸುತ್ತದೆ, ಅದು ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಭಾರಿ ಉರಿ. ಟರಾಂಟುಲಾ ಕಚ್ಚಿ ಮನುಷ್ಯರು ಸತ್ತಿದ್ದು ಖಚಿತವಾಗಿ ಎಲ್ಲೂ ದಾಖಲಾಗಿಲ್ಲ. ಗಂಡು ಜೇಡ ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಹೆಣ್ಣು ಇಪ್ಪತ್ತು ವರ್ಷ ಇರಬಹುದು. ಇಪ್ಪತ್ತು ವರ್ಷ, ಗುರುತೇ ಹಿಡಿಯದ ಜೀವಕ್ಕೆ ನೀರಿಡುವುದು! ನಮ್ಮಲ್ಲಿ ಎಷ್ಟು ಜನರಿಂದ ಆಗುತ್ತದೆ? ಒಂದು ಸಾಂಬಾರ್ ಮಾಡಿದರೂ ಯಾರಾದರೂ ಚೆನ್ನಾಗಿದೆ ಅನ್ನಲಿ ಅಂತ ಕಾಯುವವರು ನಾವು. ಮಕ್ಕಳು ಫೋನ್ ಮಾಡದಿದ್ದರೆ ಸಾಕಿದ್ದೇ ದಂಡ ಅನ್ನುತ್ತೇವೆ. ಈ ಹುಡುಗನನ್ನು ಮನೆಯವರೆಲ್ಲ ವಿಚಿತ್ರ ಅಂತಾರೆ. ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು.

ಮಾರನೇ ದಿನ ಸಂಜೆ ಅಮ್ಮ ಟಾರ್ಚ್ ಹಿಡಿದು ಹಿತ್ತಲಿಗೆ ಕರೆದರು. ಬಚ್ಚಲ ಹಿಂದಿನ ಕಡಿದಾದ ಮಣ್ಣಿನ ಧರೆಯಲ್ಲಿ ಒಂದು ತೂತು, ಬಾಯಿಗೆ ಬಿಳಿ ನೂಲಿನ ಅಸ್ತರು. ಬೆಳಕು ತಾಗಿದ್ದೇ ಎರಡು ದಪ್ಪ ಕಾಲು ಒಳಗೆ ಸರಿದವು. "ಇದೂ ಅದೇ ಜಾತಿಯಲ್ವನೇ? ಎಷ್ಟೋ ವರ್ಷದಿಂದ ನೋಡ್ತಾ ಇದ್ದೇನೆ" ಅಂದರು. ಮನೆಯಲ್ಲಿ ಯಾರಿಗೂ ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ಚಿಕ್ಕಪ್ಪ ಸೀಮೆಎಣ್ಣೆ ಹೊಯ್ಯುತ್ತಿದ್ದರು, ಅದು ಅಮ್ಮನಿಗೆ ಚೆನ್ನಾಗಿ ಗೊತ್ತು.

ಘಟ್ಟದ ಧರೆಗಳಲ್ಲಿ ಹೀಗೆ ಬಿಲ ತೋಡಿ ಬದುಕುವ ಟರಾಂಟುಲಾಗಳಿವೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಿಗದ ಥ್ರಿಗ್ಮೋಪಿಯಸ್ ಎಂಬ ಕುಲಕ್ಕೆ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ 1899ರಲ್ಲಿ ಹೆಸರಿಟ್ಟ. ಅದೇ ವರ್ಷ ಅವನೇ ಆಂಧ್ರದ ಗುತ್ತಿಯಲ್ಲಿ ಸಿಕ್ಕ ಕಡುನೀಲಿ ಮರಜೇಡವನ್ನೂ ವಿವರಿಸಿದ. ಆಮೇಲೆ ಅದು ಕಾಡಿನಲ್ಲಿ ಮತ್ತೆ ಸಿಕ್ಕಿದ್ದು 2001ರಲ್ಲಿ. ಈಗ ಅಳಿವಿನ ಅಂಚಿನಲ್ಲಿದೆ, ಆದರೂ ಹೊರದೇಶದ ಸಾಕುವವರ ಮನೆಗಳಲ್ಲಿ ಅದರ ಸಂತತಿ ಬೇಕಾದಷ್ಟಿದೆ. ಇದು ನನಗೆ ಸಹಿಸಲಾಗದ ಮಾತು. ಗಾಜಿನ ಪೆಟ್ಟಿಗೆಯಲ್ಲೇ ಮರಿಯಾದದ್ದನ್ನು ಸಾಕುವುದು ಬೇರೆ, ಕಾಡಿನ ಬಿಲಕ್ಕೆ ಗುದ್ದಲಿ ಹಾಕಿ ಕಿತ್ತು ಮಾರುವುದು ಬೇರೆ. ಪ್ರಣವ್‌ನ ಜೇಡ ಸಾಕುವವರ ಬಳಿಯೇ ಹುಟ್ಟಿದ್ದಂತೆ, ಕೇಳಿ ಖಾತ್ರಿ ಮಾಡಿಕೊಂಡೆ.

ಮಳೆ ನಿಂತ ಮೇಲೆ ಜೆಸಿಬಿ ತರಿಸಿ ಆ ಧರೆ ಕಡಿದು ಕಾರ್ ಶೆಡ್ ಮಾಡಬೇಕು ಅಂತ ಅಣ್ಣನ ಲೆಕ್ಕಾಚಾರ. ಶೆಡ್ಡನ್ನು ಕೊಟ್ಟಿಗೆಯ ಪಕ್ಕ ಮಾಡು, ಅಲ್ಲಿ ಜಾಗ ಇದೆ ಅಂತ ನಾನು ಹೇಳಿದ್ದೇನೆ. "ಒಂದು ಜೇಡಕ್ಕೋಸ್ಕರವಾ?" ಅಂದ. ಹೌದು ಅಂದೆ. ಅಮ್ಮನೂ ಈ ಸಲ ಸುಮ್ನೆ ಕೂರಲಿಲ್ಲ, "ಧರೆ ಮುಟ್ಟಬೇಡ" ಅಂದರು. ಅವನು ಇನ್ನೂ ಒಪ್ಪಿಲ್ಲ.