ತಟ್ಟೆ ತಂದಿಡೋದಕ್ಕೂ ಟ್ರೈನಿಂಗ್ ಬೇಕಾ?

ಹೋಟೆಲುಗಳಲ್ಲಿ ಊಟ, ಪಾನೀಯ ಬಡಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ತರಬೇತಿ ಕೊಡುತ್ತೇನೆ. ಹೀಗೆ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ತಟ್ಟೆ ತಂದಿಡೋದಕ್ಕೂ ಟ್ರೈನಿಂಗ್ ಬೇಕಾ? ಎರಡು ದಿನ ಪಕ್ಕದಲ್ಲಿ ನಿಂತು ನೋಡಿದ್ರೆ ಬರಲ್ವಾ?" ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಕೇಳುತ್ತಾರೆ, ಅವರ ಮನೆಯವರು ಕೇಳುತ್ತಾರೆ, ಕೆಲಸ ಕೊಡುವ ಮಾಲೀಕರೂ ಕೇಳುತ್ತಾರೆ.

ತಟ್ಟೆ ತಂದಿಡೋದು ಬೇಗ ಬರುತ್ತದೆ, ಅದು ನಿಜ. ಟ್ರೇಯಲ್ಲಿ ಭಾರದ್ದು ನಡುವೆ ಇರಬೇಕು, ಎತ್ತರದ್ದು ಮೈಕಡೆಗೆ ಇರಬೇಕು. ಇಳಿಸುವಾಗ ಒಂದೇ ಬದಿಯಿಂದ ತೆಗೆಯುತ್ತಾ ಹೋದರೆ ಟ್ರೇ ವಾಲುತ್ತದೆ. ಗ್ಲಾಸನ್ನು ಬುಡದಲ್ಲಿ ಹಿಡಿಯಬೇಕು, ಬಾಯಿ ತಾಗುವ ಅಂಚಿಗೆ ಬೆರಳು ಹೋಗಬಾರದು. ಗ್ಲಾಸುಗಳಿಗೆ ನೀರು ತುಂಬಿ, ಟ್ರೇ ಮೇಲಿಟ್ಟುಕೊಂಡು ದಿನಾ ಅರ್ಧ ಗಂಟೆ ಓಡಾಡಿದರೆ ಒಂದು ವಾರದಲ್ಲಿ ಕೈಗೆ ಹಿಡಿತ ಸಿಗುತ್ತದೆ. ಕೆಲಸ ಇಷ್ಟೇ ಆಗಿದ್ದರೆ ನಾನೂ ಟ್ರೈನಿಂಗ್ ಬೇಡ ಅನ್ನುತ್ತಿದ್ದೆ.

ನಾನು ಕೆಲಸಕ್ಕೆ ಸೇರಿ ಎರಡನೇ ವಾರ. ಒಬ್ಬ ತಾಯಿ ಮಗುವಿಗೆ ಆರ್ಡರ್ ಮಾಡುತ್ತಾ, "ಇದಕ್ಕೆ ಕಡಲೆಕಾಯಿ ಹಾಕಿರ್ತಾರಾ?" ಎಂದು ಕೇಳಿದರು. ತಟ್ಟೆಯ ಮೇಲೆ ನನಗೆ ಯಾವತ್ತೂ ಕಡಲೆಕಾಯಿ ಕಂಡಿರಲಿಲ್ಲ. "ಇಲ್ಲ ಮೇಡಂ" ಎಂದುಬಿಟ್ಟೆ. ಪಕ್ಕದ ಟೇಬಲ್ಲಿನಲ್ಲಿದ್ದ ಹಿರಿಯ ಸಪ್ಲೈಯರ್ ಅದನ್ನು ಕೇಳಿಸಿಕೊಂಡು ನೇರ ಅಡುಗೆಮನೆಗೆ ಓಡಿದರು. ಕಡಲೆಕಾಯಿಯನ್ನು ರುಬ್ಬಿ ಅದರಲ್ಲಿ ಸೇರಿಸಿದ್ದರು, ಆ ಮಗುವಿಗೋ ಕಡಲೆಕಾಯಿ ಅಲರ್ಜಿ. ತಟ್ಟೆ ಹೊರಗೆ ಬರಲಿಲ್ಲ. ಆ ಮಗುವಿನ ಮುಖ ಈಗಲೂ ನೆನಪಿದೆ. ನನಗೆ ಅಂಗಿ ಕೊಟ್ಟಿದ್ದರು, ಆರ್ಡರ್ ಬರೆಯಲು ಪುಸ್ತಕ ಕೊಟ್ಟಿದ್ದರು, ಟೇಬಲ್ ನಂಬರ್ ಹೇಳಿಕೊಟ್ಟಿದ್ದರು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು" ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆದ್ದರಿಂದ ನನ್ನ ಹತ್ತಿರ ಬಂದವರಿಗೆ ಮೊದಲ ದಿನವೇ ಒಂದು ಮಾತನ್ನು ಬಾಯಿಬಿಟ್ಟು ಹೇಳಿಸುತ್ತೇನೆ: "ನನಗೆ ಖಚಿತವಾಗಿ ಗೊತ್ತಿಲ್ಲ, ಒಳಗೆ ಕೇಳಿಕೊಂಡು ಬರುತ್ತೇನೆ." ಕೇಳಲು ಎಷ್ಟು ಸುಲಭ ಅಲ್ವಾ? ಹೊಸಬರಿಗೆ ಇದಕ್ಕಿಂತ ಕಷ್ಟದ ಮಾತು ಇಲ್ಲ. ಗ್ರಾಹಕರ ಮುಂದೆ ಸಣ್ಣವರಾಗಿಬಿಡುತ್ತೇವೆ ಎಂಬ ಭಯ. ತುಂಬಿದ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ ಕೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಭಯ ಇನ್ನೂ ದೊಡ್ಡದು. ಹಾಗಾಗಿ ಅಡುಗೆಯವರನ್ನೂ ಒಂದು ದಿನ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಕೇಳುವವರಿಗೆ ಉತ್ತರ ಕೊಡುವುದೂ ಅವರ ಕೆಲಸವೇ.

ಅಲರ್ಜಿಯ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲಿ ಆಗುವ ತಪ್ಪು ಜೀವಕ್ಕೇ ಬರಬಹುದು. ಮೇಲೆ ಉದುರಿಸಿದ್ದನ್ನು ಚಮಚದಲ್ಲಿ ಎತ್ತಿ ತೆಗೆದರೆ ಆ ತಟ್ಟೆ ಸರಿಹೋಗುವುದಿಲ್ಲ. ಹೊಸದಾಗಿಯೇ ಮಾಡಬೇಕು. ಒಂದೇ ಎಣ್ಣೆಯಲ್ಲಿ ಕರಿದರೂ, ಒಂದೇ ಸೌಟು ಬಳಸಿದರೂ ಅಪಾಯ ಇದ್ದೇ ಇರುತ್ತದೆ. ಅಲರ್ಜಿ ತರುವ ಮುಖ್ಯ ಪದಾರ್ಥಗಳು ಎಂದು ಯುರೋಪಿನ ಒಕ್ಕೂಟದ ನಿಯಮ ಕೊಡುವ ಪಟ್ಟಿಯಲ್ಲಿ 14 ಇವೆ. ಅಮೆರಿಕದ ಪಟ್ಟಿಯಲ್ಲಿ 9, ಅದರಲ್ಲಿ ಎಳ್ಳು ಸೇರಿದ್ದು 2023ರಲ್ಲಿ. ಪಟ್ಟಿಯನ್ನು ಹೊಸಬರು ಬಾಯಿಪಾಠ ಮಾಡಲಿ ಎಂದು ನಾನು ಹೇಳುವುದಿಲ್ಲ. ಯಾರನ್ನು ಕೇಳಬೇಕು, ಎಲ್ಲಿ ಬರೆದಿದೆ ಎಂಬುದು ಗೊತ್ತಿರಲಿ, ಆರ್ಡರ್ ಚೀಟಿಯಲ್ಲಿ ಅಲರ್ಜಿಯನ್ನು ದೊಡ್ಡದಾಗಿ ಬರೆಯಲಿ, ಬಾಯಲ್ಲೂ ಹೇಳಲಿ.

ಕೈ ತೊಳೆಯುವುದೂ ಹೀಗೆಯೇ. ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುತ್ತಾರೆ, ಆದರೆ ಸರಿಯಾಗಿ ಮಾಡುವವರು ಕಮ್ಮಿ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಸ್ಯಾನಿಟೈಸರ್ ಇದೆಯಲ್ಲ ಅನ್ನುತ್ತಾರೆ. ವಾಂತಿ, ಭೇದಿ ತರುವ ನೊರೊವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ವಾಂತಿ ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬಾರದು. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂದು ಹೊಸಬರು ಹೊಟ್ಟೆ ಹಿಡಿದುಕೊಂಡೇ ಬರುತ್ತಾರೆ. ಇದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ. ಮಾಲೀಕರು ಆ ಎರಡು ದಿನದ ಸಂಬಳ ಹಿಡಿಯಬಾರದು. ಟ್ರೈನಿಂಗ್ ಅನ್ನುವುದು ಅವರಿಗೂ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಬಿಸಿಯಾಗಿ ಬಡಿಸಬೇಕಾದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿಡಬೇಕಾದ್ದು 5 ಡಿಗ್ರಿಯೊಳಗೆ. ಈ ಎರಡರ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅಡುಗೆಯವರು ತಟ್ಟೆ ತಯಾರು ಮಾಡಿ ಕಟ್ಟೆಯ ಮೇಲಿಟ್ಟ ಮೇಲೆ ಅದು ಎಷ್ಟು ಹೊತ್ತು ಅಲ್ಲೇ ಕೂತಿರುತ್ತದೆ ಎಂಬುದು ಸಪ್ಲೈಯರ್ ಕೈಯಲ್ಲಿದೆ.

ಆರ್ಡರ್ ತೆಗೆದುಕೊಳ್ಳುವುದನ್ನು ಕಲಿಸುವುದು ನನಗೆ ತುಂಬ ಇಷ್ಟ. ಹೊಸಬರು ತಿಂಡಿಯ ಹೆಸರನ್ನಷ್ಟೇ ಬರೆದುಕೊಳ್ಳುತ್ತಾರೆ. ಆಮೇಲೆ ತಟ್ಟೆ ಹಿಡಿದು ಟೇಬಲ್ ಪಕ್ಕ ನಿಂತು, "ಇದು ಯಾರದು?" ಎಂದು ಕೂಗಿ ಕೇಳುತ್ತಾರೆ. ಮಾತಿನ ನಡುವೆ ಇದ್ದವರು ಮಾತು ನಿಲ್ಲಿಸಬೇಕಾಗುತ್ತದೆ. ಪ್ರತಿ ಕುರ್ಚಿಗೂ ಒಂದು ನಂಬರ್ ಇಟ್ಟುಕೊಂಡರೆ ಸಾಕು. ಬಾಗಿಲಿನ ಕಡೆಯ ಕುರ್ಚಿ ಒಂದು, ಅಲ್ಲಿಂದ ಗಡಿಯಾರದ ಮುಳ್ಳು ತಿರುಗಿದ ಹಾಗೆ ಎರಡು, ಮೂರು. ಎಲ್ಲ ಸಿಬ್ಬಂದಿಗೂ ಇದೇ ಲೆಕ್ಕ. ಆಗ ಆರ್ಡರ್ ಬರೆದವರು ಒಬ್ಬರು, ತಂದಿಡುವವರು ಇನ್ನೊಬ್ಬರಾದರೂ ಯಾರನ್ನೂ ಕೇಳದೆ ಸರಿಯಾದ ತಟ್ಟೆ ಸರಿಯಾದವರ ಮುಂದೆ ಬರುತ್ತದೆ. ಕೊನೆಗೆ ಇಡೀ ಆರ್ಡರನ್ನು ಒಮ್ಮೆ ಓದಿ ಹೇಳಬೇಕು. ಅರ್ಧ ನಿಮಿಷ ಹೋಗುತ್ತದೆ, ಅರ್ಧ ಗಂಟೆಯ ಜಗಳ ತಪ್ಪುತ್ತದೆ.

ಇನ್ನು ಎಷ್ಟು ದಿನ ಬೇಕು ಎಂಬ ಮಾತು. ದಿನಕ್ಕಿಂತ ಯಾವ ಕ್ರಮದಲ್ಲಿ ಎನ್ನುವುದೇ ನನಗೆ ಮುಖ್ಯ. ಮೊದಲು ಹೊಸಬರನ್ನು ಗ್ರಾಹಕರ ಕುರ್ಚಿಯಲ್ಲಿ ಕೂರಿಸಿ ಬಡಿಸುತ್ತೇನೆ. ಕರೆದರೂ ಯಾರೂ ತಿರುಗಿ ನೋಡದಿದ್ದರೆ ಹೇಗನ್ನಿಸುತ್ತದೆ ಎಂದು ಆಗ ಗೊತ್ತಾಗುತ್ತದೆ. ಆಮೇಲೆ ಅನುಭವ ಇರುವ ಒಬ್ಬರ ಹಿಂದೆ ಓಡಾಟ. ಆಮೇಲೆ ಒಂದೇ ಒಂದು ಟೇಬಲ್, ಅದೂ ಜನ ಕಮ್ಮಿ ಇರುವ ಹೊತ್ತಿನಲ್ಲಿ. ಆ ಒಂದು ಟೇಬಲ್ ಸಲೀಸಾದ ಮೇಲೆ ಮೂರು. ಜನ ಕಿಕ್ಕಿರಿದ ದಿನವೇ ಹೊಸಬರನ್ನು ತಳ್ಳಿ "ಈಜು ಕಲಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಕಲಿತವರು ಇದ್ದಾರೆ, ನಿಜ. ಬಿಟ್ಟುಹೋದವರು ಎಷ್ಟು ಜನ ಎಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ.

ಕೋರ್ಸಿಗೆ ಸೇರಲು ಆಗದವರು ಬೇಸರ ಮಾಡಿಕೊಳ್ಳಬೇಡಿ. ಕೆಲಸ ಕೇಳಲು ಹೋದಾಗ ಮೂರು ವಿಷಯ ವಿಚಾರಿಸಿ. ಮೊದಲ ವಾರ ನಾನು ಯಾರ ಜೊತೆ ಇರುತ್ತೇನೆ? ಯಾವ ತಿಂಡಿಗೆ ಏನು ಹಾಕುತ್ತೀರಿ ಎಂದು ಬರೆದಿಟ್ಟಿದ್ದೀರಾ? ಹುಷಾರಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು? ತಡವರಿಸದೆ ಉತ್ತರ ಕೊಟ್ಟರೆ ಆ ಜಾಗಕ್ಕೆ ಸೇರಿಕೊಳ್ಳಿ.