ಗೆಣಸು ಬೇಯ್ಲೇ ಇಲ್ಲ

ಬುಧವಾರ ಸಾಯಂಕಾಲ 5 ಗಂಟೆ ದಾಟಿ ಹತ್ತು ನಿಮಿಷ ಆಗಿತ್ತು. ಚರ್ಚ್ ಅಡುಗೆಮನೇಲಿ ಓವನ್‌ನಿಂದ ತೆಗೆದ ಗೆಣಸಿಗೆ ಫೋರ್ಕ್ ಚುಚ್ಚಿದ್ರೆ ಅರ್ಧ ಇಂಚು ಒಳಗೆ ಹೋಗಿ ಅಲ್ಲೇ ನಿಂತ್ಬಿಡ್ತು. ಒಂದೂವರೆ ಗಂಟೆ ಬೆಂದಿದ್ದ ಗೆಣಸು ಅದು. ಹಾಲ್‌ನಲ್ಲಿ ನೂರೈವತ್ತು ಜನ ಕೂತಿದ್ರು, ಅದ್ರಲ್ಲಿ ಅರ್ಧಕ್ಕರ್ಧ ಮಕ್ಕಳು, ಐದೂವರೆಗೆ ಬಡಿಸ್ಬೇಕು. ಆ ಗೆಣಸನ್ನ ಹೊಲದಿಂದ ಅಲ್ಲಿಗೆ ಮುಟ್ಟಿಸಿದ್ದು ನಾನು.

ನಾನು ನಾರ್ತ್ ಕ್ಯಾರೊಲಿನಾದಲ್ಲಿ ದಾನವಾಗಿ ಬಂದ ಆಹಾರ ಹಂಚೋ ಒಂದು ಫುಡ್ ಬ್ಯಾಂಕಿನಲ್ಲಿ ಪ್ರೊಡ್ಯೂಸ್ ಸೋರ್ಸಿಂಗ್, ಅಂದ್ರೆ ತರಕಾರಿ ಹೊಂದಿಸೋ ಕೆಲಸ ನೋಡ್ಕೊಳ್ತೀನಿ. ರೈತರು ಬಿಟ್ಟ ಬೆಳೆ ಎಲ್ಲಿದೆ ಅಂತ ಹುಡುಕೋದು, ಚರ್ಚ್‌ಗಳಿಂದ ಜನ ಸೇರಿಸೋದು, ಟ್ರಕ್ ಹೊಂದಿಸೋದು, ಜನರಿಗೆ ಊಟ ಕೊಡೋ ಚರ್ಚ್ ಅಡುಗೆಮನೆಯಂಥ ಏಜೆನ್ಸಿಗಳಿಗೆ ಹಂಚೋದು. ಅಮೆರಿಕದ ಗೆಣಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ರಾಜ್ಯದ್ದು, ಅದ್ರಲ್ಲೂ ಜಾನ್ಸ್ಟನ್, ಸ್ಯಾಂಪ್ಸನ್, ನ್ಯಾಶ್ ಕೌಂಟಿಗಳ ಕಡೆ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಎಲ್ಲಿ ನೋಡಿದ್ರೂ ಗೆಣಸು ಕೀಳೋದೇ. ಕಿತ್ತಾದ್ಮೇಲೂ ಹೊಲದಲ್ಲಿ ರಾಶಿ ಉಳಿಯುತ್ತೆ. ಯು.ಎಸ್. ನಂಬರ್ 1 ಗ್ರೇಡ್ ಅಂದ್ರೆ ಮೂರೂವರೆ ಇಂಚಿಗಿಂತ ದಪ್ಪ ಇರಬಾರ್ದು, ತೂಕ 20 ಔನ್ಸ್ ದಾಟಬಾರ್ದು, ಸೊಟ್ಟಗಿದ್ರೂ ಆಗಲ್ಲ, ಗುದ್ದಲಿ ತಾಗಿದ್ರೂ ಆಗಲ್ಲ. ಅಂಥದ್ದನ್ನ ಕೂಲಿ ಕೊಟ್ಟು ಆರಿಸಿದ್ರೆ ರೈತನಿಗೆ ಗಿಟ್ಟಲ್ಲ, ಅದಕ್ಕೇ ಟ್ರ್ಯಾಕ್ಟರ್‌ನಲ್ಲಿ ಉತ್ತು ಮಣ್ಣಿಗೆ ಸೇರಿಸಿಬಿಡ್ತಾರೆ.

ಇದನ್ನೇ ಆಯೋ ಕೆಲಸ ಇಲ್ಲಿನ ಚರ್ಚ್‌ಗಳು ತುಂಬಾ ವರ್ಷದಿಂದ ಮಾಡ್ಕೊಂಡು ಬಂದಿವೆ. 1979ರಲ್ಲಿ ವರ್ಜೀನಿಯಾದಲ್ಲಿ ಇಬ್ಬರು ಮೆಥಡಿಸ್ಟ್ ಪಾದ್ರಿಗಳ ಕುಟುಂಬಗಳು ಸೇರಿ ಶುರು ಮಾಡಿದ ಸೊಸೈಟಿ ಆಫ್ ಸೇಂಟ್ ಆಂಡ್ರ್ಯೂ ಇದರಲ್ಲಿ ದೊಡ್ಡ ಹೆಸರು. ನಮ್ಮದು ಬೇರೆ ಸಂಸ್ಥೆ, ಕೆಲಸ ಅದೇ. ಇಂಗ್ಲಿಷ್‌ನಲ್ಲಿ ಇದಕ್ಕೆ ಗ್ಲೀನಿಂಗ್ ಅಂತಾರೆ, ನಂಗೆ ಮಾತ್ರ ಮೊದಲ ದಿನವೇ ನೆನಪಾಗಿದ್ದು ಹಕ್ಕಲು. ಪಾವಗಡದ ಕಡೆ ಕಡ್ಲೆಕಾಯಿ ಕಿತ್ತ ಹೊಲದಲ್ಲಿ ನಮ್ಮವ್ವ ಸೆರಗು ಕಟ್ಕೊಂಡು ಹಕ್ಕಲು ಆಯ್ತಿದ್ರು, ನಾನು ಹಿಂದೆ ಹಿಂದೆ ಮಣ್ಣು ಕೆದಕ್ಕೊಂಡು ಹೋಗ್ತಿದ್ದೆ.

ನವೆಂಬರ್ ಮೊದಲ ವಾರ ಒಬ್ಬ ರೈತ ಫೋನ್ ಮಾಡಿದ್ರು, ಸೋಮವಾರ ಗೋಧಿ ಬಿತ್ತನೆಗೆ ಹೊಲ ಉಳ್ತೀನಿ, ಅಷ್ಟರೊಳಗೆ ಬಂದ್ರೆ ಎಷ್ಟು ಬೇಕಾದ್ರೂ ತಗೊಂಡು ಹೋಗಿ ಅಂತ. ಯಾರಿಗಾದ್ರೂ ತಿಂದು ಹುಷಾರು ತಪ್ಪಿದ್ರೆ ನನ್ ಮೇಲೆ ಕೇಸ್ ಆಗುತ್ತಾ ಅಂತ ಭಯ ಅವರಿಗೆ. 1996ರ ಗುಡ್ ಸಮರಿಟನ್ ಕಾನೂನಿದೆ, ಒಳ್ಳೆ ಮನಸ್ಸಿಂದ ದಾನ ಕೊಟ್ಟವರಿಗೆ ಅದು ರಕ್ಷಣೆ ಕೊಡುತ್ತೆ ಅಂತ ಸಮಾಧಾನ ಹೇಳಿ ಶನಿವಾರಕ್ಕೆ ಒಪ್ಪಿಸ್ದೆ.

ಶನಿವಾರ ಬೆಳಗ್ಗೆ 3 ಚರ್ಚ್‌ಗಳಿಂದ ಎಪ್ಪತ್ತು ಜನ ಬಂದ್ರು, ಸ್ಕೂಲ್ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದ ಅಜ್ಜಂದಿರ ತನಕ. ಪಾದ್ರಿ ಹೊಲದ ಬದುವಿನ ಮೇಲೆ ನಿಂತು ಯಾಜಕಕಾಂಡದ 19ನೇ ಅಧ್ಯಾಯ ಓದಿದ್ರು, ಹೊಲದ ಅಂಚಿನ ತನಕ ಕೊಯ್ಬೇಡ, ಬಿದ್ದಿದ್ದನ್ನ ಬಡವರಿಗೂ ಪರದೇಶಿಗೂ ಬಿಡು ಅನ್ನೋ ಮಾತು. ಪರದೇಶಿ ಅನ್ನೋ ಕಡೆ ನಂಗೆ ಗಂಟಲು ಕಟ್ಟಿತು. ಆಮೇಲೆ ಎಲ್ಲರೂ ಬಕೆಟ್ ಹಿಡ್ಕೊಂಡು ಸಾಲಿಗೆ ಇಳಿದ್ರು, 4 ಗಂಟೇಲಿ 18 ಬಿನ್, ಅಂದ್ರೆ ದೊಡ್ಡ ಪೆಟ್ಟಿಗೆ, ತುಂಬಿತು, ಹತ್ರ ಹತ್ರ 16,000 ಪೌಂಡ್, ಎಲ್ಲಾ ಕವಿಂಗ್ಟನ್ ತಳಿ, ಕೆಂಪಗೆ ಚೆನ್ನಾಗಿದ್ವು.

ಟ್ರಕ್ ತುಂಬೋವಾಗ ಒಬ್ಬ ಅಜ್ಜ, ನಲವತ್ತು ವರ್ಷ ಗೆಣಸು ಬೆಳೆದು ಈಗ ಬಿಟ್ಟಿರೋರು, ನನ್ ಹತ್ರ ಬಂದು "ಇವು ಇನ್ನೂ ಹಸಿ, ಮೊದಲು ಬೆಚ್ಚಗೆ ಮಲಗಿಸ್ಬೇಕು, ಚಳಿಗೆ ಒಡ್ಬೇಡಮ್ಮ" ಅಂದ್ರು. ನಾನು ಹೂಂ ಅಂದೆ. ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತೆ ಅಂತ ಫೋರ್‌ಕಾಸ್ಟ್ ಇತ್ತು, ಹೊಲದಲ್ಲೇ ಬಿಡಬೇಡ ಅಂತಿದ್ದಾರೆ ಅಂದ್ಕೊಂಡೆ. ನಿಜ ಹೇಳ್ಬೇಕು ಅಂದ್ರೆ ಪೂರ್ತಿ ಕೇಳಿಸ್ಕೊಳ್ಳಲೇ ಇಲ್ಲ, ಕಣ್ಣು ಫೋನ್ ಮೇಲಿತ್ತು, ಯಾಕಂದ್ರೆ ಡ್ರೈವರ್‌ಗೆ ಡ್ಯೂಟಿ ಅವರ್ಸ್ ಮುಗಿಯೋಕೆ ಬರೀ ಎರಡೂವರೆ ಗಂಟೆ ಉಳಿದಿತ್ತು, ವೇರ್‌ಹೌಸ್ ಒಂದೂ ಮುಕ್ಕಾಲು ಗಂಟೆ ದಾರಿ, ಲೋಡಿನ ಕಾಗದಕ್ಕೆ ಇನ್ನೂ ಸೈನ್ ಆಗಿರ್ಲಿಲ್ಲ, ಕೊನೆಯ 4 ಬಿನ್ ಹೊಲದ ಆ ತುದೀಲಿ ಫೋರ್ಕ್‌ಲಿಫ್ಟ್‌ಗೆ ಕಾಯ್ತಿದ್ವು. ಅದೇ ಟ್ರಕ್ಕಿನಲ್ಲಿ ಬೆಳಗ್ಗೆ ಬೇರೆ ಫಾರ್ಮ್‌ನಿಂದ ತುಂಬಿದ 6 ಪ್ಯಾಲೆಟ್ ಕಾಲರ್ಡ್ ಸೊಪ್ಪಿತ್ತು, ರೀಫರ್, ಅಂದ್ರೆ ಟ್ರಕ್ಕಿನ ತಂಪು ಪೆಟ್ಟಿಗೆ, 34 ಡಿಗ್ರಿ ಫ್ಯಾರನ್‌ಹೀಟ್‌ಗೆ ಸೆಟ್ ಆಗಿತ್ತು (ಸೆಲ್ಸಿಯಸ್‌ನಲ್ಲಿ ಬರೀ ಒಂದು ಡಿಗ್ರಿ, ಇಲ್ಲಿ ಹೇಳೋ ಡಿಗ್ರಿ ಎಲ್ಲಾ ಫ್ಯಾರನ್‌ಹೀಟ್). ಡ್ರೈವರ್ ಬಾಗಿಲು ಹಾಕೋಕೆ ಮುಂಚೆ ಕೇಳಿದ, ಸೆಟ್‌ಪಾಯಿಂಟ್ ಎಷ್ಟಿರ್ಲಿ ಅಂತ. ಇದ್ದ ಹಾಗೇ ಇರ್ಲಿ ಅಂದೆ. ಅಷ್ಟೇ, ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ. ತರಕಾರಿ ಅಂದ್ರೆ ತಂಪಾಗಿಡ್ಬೇಕು, ತಂಪಾದಷ್ಟೂ ಒಳ್ಳೇದು ಅನ್ನೋದೊಂದೇ ತಲೇಲಿ ಇದ್ದಿದ್ದು.

ಭಾನುವಾರ ವೇರ್‌ಹೌಸ್‌ನಲ್ಲಿ ಸರಕು ಇಳಿಸೋ ಡಾಕ್‌ಗೆ ರಜೆ. ಟ್ರೈಲರ್ ಯಾರ್ಡ್‌ನಲ್ಲಿ 34 ಡಿಗ್ರಿಯಲ್ಲೇ ನಿಂತಿತ್ತು. ಸೋಮವಾರ ಇಳಿಸಿದ್ರು, ಸಿಸ್ಟಮ್‌ನಲ್ಲಿ ಫ್ರೆಶ್ ಪ್ರೊಡ್ಯೂಸ್ ಅನ್ನೋ ಒಂದೇ ಐಟಂ ಕೋಡ್, ಆ ಕೋಡ್ ಹೊಡೆದ್ರೆ ಎಲ್ಲಿಡ್ಬೇಕು ಅಂತ ಹೇಳೋ ಲೇಬಲ್ ತಾನಾಗೇ ಕೂಲರ್‌ಗೆ ಬರುತ್ತೆ. ಪಕ್ಕದಲ್ಲೇ 60 ಡಿಗ್ರಿಯ ಡ್ರೈ ಸೈಡ್ ಖಾಲಿ ಬಿದ್ದಿತ್ತು. ಗುರುವಾರದ ತನಕ ಕೂಲರ್‌ನಲ್ಲಿದ್ದು ಆಮೇಲೆ ಒಂದೊಂದೇ ಬಿನ್ ಏಜೆನ್ಸಿಗಳಿಗೆ ಹೋಗೋಕೆ ಶುರುವಾಯ್ತು. ನೋಡೋಕೆ ಏನೂ ಆಗಿರ್ಲಿಲ್ಲ, ಕಲೆ ಇಲ್ಲ, ಕೊಳೆತಿಲ್ಲ. ಮ್ಯಾನೇಜ್‌ಮೆಂಟ್ ನ್ಯೂಸ್‌ಲೆಟರ್‌ನಲ್ಲಿ ಎಪ್ಪತ್ತು ಜನರ ಫೋಟೋ ಜೊತೆ 16,000 ಪೌಂಡ್ ಉಳಿಸಿದ್ವಿ ಅಂತ ಹಾಕಿದ್ರು, ನಂಗೂ ಹೆಮ್ಮೆ ಆಯ್ತು.

ಮುಂದಿನ ಬುಧವಾರ ಏಜೆನ್ಸಿ ವಿಸಿಟ್ ಅಂತ ಆ ಚರ್ಚ್‌ಗೆ ಹೋಗಿದ್ದೆ, ಹೊಲಕ್ಕೆ ಬಂದಿದ್ದ ಮೂರರಲ್ಲಿ ಅದೂ ಒಂದು. ಅಡುಗೆ ನೋಡ್ಕೊಳ್ಳೋ ಹೆಂಗಸು, ಅರವತ್ತೈದರ ಮೇಲಿರಬೇಕು, ಮೂರು ಟ್ರೇ ಗೆಣಸು ಓವನ್‌ಗೆ ಇಟ್ಟಿದ್ರು. ಮೊದಲನೇ ಸಲ ಫೋರ್ಕ್ ಹೋಗ್ದೇ ಇದ್ದಾಗ ನಾನೇನು ಹೇಳ್ದೆ ಗೊತ್ತಾ, ಓವನ್ ಹಳೇದು ಅನ್ಸುತ್ತೆ, ಕಾವು ಸಾಲ್ತಿಲ್ಲ ಅಂದೆ. ಅವರು ಮಾತಾಡ್ದೆ ಥರ್ಮಾಮೀಟರ್ ಒಳಗಿಟ್ಟು ತೋರ್ಸಿದ್ರು, 400 ಇತ್ತು. ಇನ್ನೊಂದು ಹತ್ತು ನಿಮಿಷ ಅಂದ್ರು, ಕಾದ್ವಿ. ಹೊರಗೆ ಕುರ್ಚಿ ಎಳೆಯೋ ಸದ್ದು, ಮಗು ಅಳೋ ಸದ್ದು, ಯಾರೋ ಒಬ್ಬರು ಬಾಗಿಲು ಸ್ವಲ್ಪ ತೆಗೆದು ಇಣುಕಿ ಹೋದ್ರು. ಮತ್ತೆ ತೆಗೆದು ಒಂದನ್ನ ಉದ್ದಕ್ಕೆ ಸೀಳಿದ್ರು. ಸಿಪ್ಪೆ ಹತ್ರ ಒಂದು ಬೆರಳು ದಪ್ಪ ಮೆತ್ತಗಾಗಿ ಜೇನಿನ ಬಣ್ಣ ಬಂದಿತ್ತು, ನಡುವೆ ಪೂರ್ತಿ ಹಸಿ ಮೂಲಂಗಿ ಥರ ಗಟ್ಟಿ. ಅವರು ಒಂದು ಚೂರು ಬಾಯಿಗೆ ಹಾಕ್ಕೊಂಡು ಮೆಲ್ಲಗೆ ಕೇಳಿದ್ರು, ಇದನ್ನ ಚಳೀಲಿ ಇಟ್ಟಿದ್ರಾ ಅಂತ.

ಆಗ ಹೊಳೀತು ಅಜ್ಜನ ಮಾತು. ಎಲ್ಲಾ ಒಟ್ಟಿಗೇ ಅರ್ಥ ಆಯ್ತು, ಬೆಚ್ಚಗೆ ಮಲಗಿಸೋದು ಅಂದ್ರೆ ಕ್ಯೂರಿಂಗ್, ಕಿತ್ತ ತಕ್ಷಣ 85 ಡಿಗ್ರಿ ಬಿಸಿ ಮತ್ತು ತುಂಬಾ ತೇವದಲ್ಲಿ ವಾರದ ಹತ್ರ ಇಟ್ರೆ ಗಾಯ ಮಾಯುತ್ತೆ, ಸಿಪ್ಪೆ ಗಟ್ಟಿ ಆಗುತ್ತೆ, ಸಿಹಿ ಬರುತ್ತೆ. ಆಮೇಲೂ 55 ಡಿಗ್ರಿಗಿಂತ ಕೆಳಗೆ ಇಳಿಸಬಾರ್ದು. ಚಳಿ ತಿಂದ ಗೆಣಸಿನ ನಡುಭಾಗ ಎಷ್ಟು ಬೇಯ್ಸಿದ್ರೂ ಮೆತ್ತಗಾಗಲ್ಲ, ಕ್ಯೂರಿಂಗ್ ಆಗದೇ ಇರೋದಕ್ಕೆ ಇನ್ನೂ ಬೇಗ ಪೆಟ್ಟು ಬೀಳುತ್ತೆ. ಸಂಕ್ರಾಂತಿಗೆ ತಂದ ಗೆಣಸನ್ನ ನಮ್ಮವ್ವ ಅಡುಗೆಮನೆ ಮೂಲೇಲಿ ಗೋಣಿಚೀಲದ ಮೇಲೆ ಹರಡ್ತಿದ್ರೇ ಹೊರತು ಫ್ರಿಜ್ ಬಂದ ಮೇಲೂ ಒಂದು ದಿನ ಅದರೊಳಗೆ ಇಟ್ಟವರಲ್ಲ. ಕಣ್ಣಾರೆ ನೋಡಿದ್ದೆ, ಕೆಲಸದ ಹೊತ್ತಿಗೆ ನೆನಪಿಗೆ ಬರ್ಲಿಲ್ಲ.

ಹೌದು, ನಾನೇ ಅಂದೆ. ಅವರು ಬೈಲಿಲ್ಲ. ಎಲ್ಲರೂ ಚಾಕು ತಗೊಂಡು ಮೂರೂ ಟ್ರೇಯ ಮೆತ್ತಗಿನ ಭಾಗ ಕೆರೆದು ಹಿಸುಕಿ ಬೆಣ್ಣೆ ಹಾಕಿದ್ವಿ, ಎರಡು ಬಟ್ಟಲು ಆಯ್ತು ಅಷ್ಟೇ, ಒಬ್ಬೊಬ್ಬರಿಗೆ ಒಂದು ಚಮಚ. ಪ್ಯಾಂಟ್ರಿಯಲ್ಲಿದ್ದ ಬೀನ್ಸ್ ಡಬ್ಬಿ ಎಲ್ಲಾ ಒಡೆದು ಬಿಸಿ ಮಾಡಿದ್ರು. ಆರಕ್ಕೆ ಬಡಿಸಿದ್ವಿ. ಓವನ್ ಬಗ್ಗೆ ಆಡಿದ ಮಾತಿಗೆ ಅವರಲ್ಲಿ ಕ್ಷಮೆ ಕೇಳಿದ್ದು ಪಾತ್ರೆ ತೊಳೆಯೋವಾಗ, ಅದನ್ನ ಅಲ್ಲೇ ಎಲ್ಲರ ಮುಂದೆ ಕೇಳ್ಬೇಕಿತ್ತು.

ಮಾರನೇ ದಿನ ಪ್ರತಿ ಏಜೆನ್ಸಿಗೂ ಫೋನ್ ಮಾಡ್ದೆ. ಐದು ಕಡೆ ಇದೇ ಕಥೆ. ಕೆಲವರು ನಮ್ಮ ಅಡುಗೇನೇ ಸರಿಯಿಲ್ಲವೇನೋ ಅಂದ್ಕೊಂಡು ಸುಮ್ನಿದ್ರಂತೆ, ಅದು ಕೇಳಿ ಇನ್ನೂ ಸಂಕಟ ಆಯ್ತು. ಉಳಿದಿದ್ದ 7 ಬಿನ್ ದನಗಳಿಗೆ ಹೋಯ್ತು. ಲೆಕ್ಕ ಸರಿ ಮಾಡಿ, 16,000 ಅಂತ ಇನ್ನೊಮ್ಮೆ ಹಾಕ್ಬೇಡಿ ಅಂತ ಮ್ಯಾನೇಜರ್‌ಗೆ ಬರೆದೆ, ಪೌಂಡ್ ಎಣಿಸೋದು ಡಾಕ್‌ನಲ್ಲಿ, ತಟ್ಟೇಲಲ್ಲ ಅನ್ನೋ ಉತ್ತರ ಬಂತು. ಆ ಉತ್ತರವನ್ನ ನಾನು ಇವತ್ತಿಗೂ ಒಪ್ಪಲ್ಲ, ಆ ಎಪ್ಪತ್ತು ಜನ ಸೊಂಟ ಬಗ್ಗಿಸಿದ್ದು ಡಾಕ್‌ಗೋಸ್ಕರ ಅಲ್ಲ.

ಅಜ್ಜನ ಮನೆಗೆ ಹೋಗಿ ನಡೆದಿದ್ದು ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆ ರೈತನಿಗೆ ಫೋನ್ ಹಚ್ಚಿದ್ರು, ಅವರ ಕ್ಯೂರಿಂಗ್ ರೂಮಿನ ಒಂದು ಮೂಲೆ ನಮ್ಮ ಬಿನ್‌ಗಳಿಗೆ ಸಿಕ್ತು. ಈಗ ಲೋಡ್ ಮಾಡೋವಾಗ ಅಜ್ಜ ನನ್ ಪಕ್ಕದಲ್ಲೇ ನಿಂತಿರ್ತಾರೆ, ಅವರು ಆಯ್ತು ಅನ್ನೋ ತನಕ ಟ್ರಕ್ ಬಾಗಿಲು ಹಾಕಲ್ಲ. ಸೊಪ್ಪಿನ ಜೊತೆ ಗೆಣಸು ಒಂದೇ ರೀಫರ್‌ನಲ್ಲಿ ಹೋಗಲ್ಲ. ಐಟಂ ಕೋಡ್ ಬೇರೆ ಮಾಡಿ ಅಂತ ಐಟಿಗೆ ಹಾಕಿದ ಟಿಕೆಟ್ ಇನ್ನೂ ಓಪನ್ ಇದೆ, ಹನ್ನೊಂದು ತಿಂಗಳಾಯ್ತು. ಈ ಶನಿವಾರ 2 ಟ್ರಕ್ ಬರ್ತಿವೆ, ಎರಡರ ಬಾಗಿಲ ಮೇಲೂ ದಪ್ಪ ಮಾರ್ಕರ್‌ನಲ್ಲಿ 58 ಅಂತ ನಾನೇ ಬರೀತೀನಿ.